ಬೆಲೆ ಟವಲ್ಲಿನ ಅಡಿಗಿರಲಿ

ಭಾನುವಾರದ ಗೆಳೆಯರೇ,

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ನಾವು ಸೈಕಲ್ ನಿಲ್ಲಿಸಿದ ಆ ಬೆಳಿಗ್ಗೆ ನೆನಪಿದೆಯಲ್ಲ? ಒಂಬತ್ತು ಜನ, ಒಂಬತ್ತು ಹೆಲ್ಮೆಟ್ಟು, ಮೈಗಂಟಿದ ಜೆರ್ಸಿಗಳು. ನಮ್ಮ ವೇಷ ಕಂಡು ಒಂದು ಹೋರಿ ಬೆದರಿ ಹಗ್ಗ ಜಗ್ಗಿತು. ಮಂಜು ಇನ್ನೂ ಬಿಟ್ಟಿರಲಿಲ್ಲ. ಹುಲ್ಲು, ಸಗಣಿ, ಕಾಫಿ, ಬೀಡಿ ಎಲ್ಲ ಸೇರಿ ಒಂದೇ ವಾಸನೆ. ನಿಮ್ಮಲ್ಲೊಬ್ಬರು, ಹೆಸರು ಹೇಳುವುದಿಲ್ಲ, ಒಂದು ಹಳ್ಳಿಕಾರ್ ಜೋಡಿಯ ಮುಂದೆ ನಿಂತು ಫೋನ್ ತೆಗೆದು ಫೋಟೊ ಹೊಡೆದುಕೊಂಡು ಮೊದಲು ಕೇಳಿದ್ದೇ, "ಎಷ್ಟಾಗತ್ತೆ ಇವು?" ರೈತ ಮೀಸೆಯಲ್ಲೇ ನಕ್ಕ. "ಮೊದ್ಲು ಎತ್ ನೋಡಿ ಸ್ವಾಮಿ" ಅಂದ.

ನೀವೆಲ್ಲ ನಕ್ಕು ಮುಂದೆ ಹೋದಿರಿ. ನಾನು ಅಲ್ಲೇ ಸ್ವಲ್ಪ ಹೊತ್ತು ನಿಂತೆ. ಪಕ್ಕದಲ್ಲೇ ವ್ಯಾಪಾರ ನಡೆದಿತ್ತು. ಕೊಳ್ಳುವವನು ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡಿದ. ಸುತ್ತ ಬಂದು ಸುಳಿ ನೋಡಿದ. ಗೊರಸು ತಟ್ಟಿದ, ಬಾಲ ಎತ್ತಿದ, ಇಪ್ಪತ್ತು ಹೆಜ್ಜೆ ನಡೆಸಿ ನೋಡಿದ, ಹಿಂದಕ್ಕೆ ಕರೆಸಿ ಮತ್ತೆ ನಡೆಸಿದ. ಸುತ್ತಲೂ ಹದಿನೈದು ಜನ. ಕೇಳಲಿ ಬಿಡಲಿ ಅವರೆಲ್ಲರದೂ ಒಂದೊಂದು ಅಭಿಪ್ರಾಯ. ಬೆನ್ನು ಚೆನ್ನಾಗಿದೆ, ಎಡದ್ದು ಸ್ವಲ್ಪ ಮೈಗಳ್ಳ, ಕೊಂಬು ಒಂದು ನೂಲು ಹೆಚ್ಚುಕಮ್ಮಿ. ಎಲ್ಲ ಬಹಿರಂಗ. ಆಮೇಲೆ ದಲ್ಲಾಳಿ ಹೆಗಲ ಮೇಲಿನ ಟವಲ್ ತೆಗೆದು ಕೊಳ್ಳುವವನ ಕೈಮೇಲೆ ಹಾಸಿದ, ತನ್ನ ಕೈಯನ್ನು ಅದರಡಿಗೆ ತೂರಿಸಿದ. ಬೆರಳು ಬೆರಳನ್ನು ಹಿಡಿಯಿತು. ಮುಖದಲ್ಲಿ ಏನೂ ಇಲ್ಲ. ಒಬ್ಬ ತಲೆಯಾಡಿಸಿದ, ಇನ್ನೊಬ್ಬ ಕೈ ಎಳೆದುಕೊಳ್ಳಹೋದ, ದಲ್ಲಾಳಿ ಬಿಡಲಿಲ್ಲ, ಮತ್ತೆ ಬೆರಳು. ಹದಿನೈದು ಜನರ ಎದುರೇ ನಡೆದ ವ್ಯಾಪಾರದ ಮೊತ್ತ ಆ ಹದಿನೈದರಲ್ಲಿ ಒಬ್ಬನಿಗೂ ಗೊತ್ತಾಗಲಿಲ್ಲ.

ಅಂದಿನಿಂದ ಈ ಪತ್ರ ನನ್ನ ತಲೆಯಲ್ಲಿ ಕೂತಿದೆ. ಅಲ್ಲಿ ಎತ್ತು ಊರಿಗೆಲ್ಲ ಕಾಣುತ್ತದೆ, ಬೆಲೆ ಟವಲ್ಲಿನ ಅಡಿಗಿರುತ್ತದೆ. ನಮ್ಮಲ್ಲಿ ಬೆಲೆ ಟೇಬಲ್ಲಿನ ಮೇಲೆ, ವಸ್ತು ಮನೆಯ ಕಪಾಟಿನಲ್ಲಿ.

ಸ್ವಲ್ಪ ಯೋಚಿಸಿ. ಸವಾರಿ ಮುಗಿದು ದೇವನಹಳ್ಳಿ ದಾರಿಯ ಹೋಟೆಲಿನಲ್ಲಿ ಖಾಲಿ ದೋಸೆ ಬರುವ ಮೊದಲೇ ನಮ್ಮ ಮಾತು ಯಾವುದು? ಯಾರು ಏನು ಕೊಂಡರು. ಸೈಕಲ್ಲಿನವರು ಮೊದಲು. ಆಮೇಲೆ ನಮ್ಮ ಆಡಿಯೋ ಮಂದಿ, ಅಂದರೆ ಹೆಡ್‌ಫೋನು, ಡ್ಯಾಕು, ಆಂಪ್ಲಿಫೈಯರಿನವರು. ಆಮೇಲೆ ಕ್ಯಾಮೆರಾದವರು, ಕೊನೆಗೆ ಪಾಪದ ಪೆನ್ನಿನವರು. ಫೋನು ಕೈಯಿಂದ ಕೈಗೆ ಹೋಗುತ್ತದೆ. ಅದರಲ್ಲಿ ಒಂದು ಪೆಟ್ಟಿಗೆಯ ಫೋಟೊ, ಪೆಟ್ಟಿಗೆ ತೆರೆದ ಫೋಟೊ, ಪೆಟ್ಟಿಗೆಯೊಳಗಿನ ಸ್ಪಂಜಿನ ಹಾಸಿನಲ್ಲಿ ಮಲಗಿದ ವಸ್ತುವಿನ ಫೋಟೊ. ಬಾಣಂತಿ ಕೋಣೆಯ ಮಗುವಿನ ಹಾಗೆ ಯಾರೂ ಮುಟ್ಟುವಂತಿಲ್ಲ. ಆಮೇಲೆ ಬೆಲೆ. ಆಮೇಲೆ ಎಷ್ಟು ರಿಯಾಯಿತಿ, ಯಾವ ಕಾರ್ಡು, ಕಸ್ಟಮ್ಸ್‌ನವರು ಎಷ್ಟು ಹಾಕಿದರು. ಮೂರನೆಯ ಭಾನುವಾರಕ್ಕೆ ಅದರ ಸುದ್ದಿ ಮುಗಿದಿರುತ್ತದೆ, ಇನ್ನೊಬ್ಬರ ಪೆಟ್ಟಿಗೆ ಬಂದಿರುತ್ತದೆ. ಎರಡು ವರ್ಷದಲ್ಲಿ ನಮ್ಮ ಟೇಬಲ್ಲಿನ ಸುತ್ತ ಹಾದುಹೋದ ಹೆಡ್‌ಫೋನುಗಳ ಬೆಲೆಯೆಲ್ಲ ನನಗೆ ಗೊತ್ತು. ಅವುಗಳಲ್ಲಿ ಒಂದರ ದನಿಯೂ ಗೊತ್ತಿಲ್ಲ.

ಕೊಳ್ಳಬೇಡಿ ಎಂದು ಹೇಳುವ ಯೋಗ್ಯತೆ ನನಗಿಲ್ಲ. ತೋರಿಸಬೇಡಿ ಎಂದಂತೂ ಹೇಳಲಾರೆ. ತೋರಿಸುವುದು ಚಟವಲ್ಲ, ನಮ್ಮ ಕಡೆ ಅದೊಂದು ಶಾಸ್ತ್ರ. ಹೊಸ ಬಟ್ಟೆಯ ಅಂಚಿಗೆ ಅರಿಶಿನ ಹಚ್ಚಿ ಉಟ್ಟು, ಬೀದಿಯ ನಾಲ್ಕು ಮನೆಗೆ ಹೋಗಿ ಕಾಲಿಗೆ ಬಿದ್ದು ಬರುತ್ತಿದ್ದೆವು. ಸೀರೆಯ ಸೆರಗನ್ನು ಬೆರಳಿನ ನಡುವೆ ಉಜ್ಜಿ ನೋಡದೆ ಯಾವ ಅತ್ತೆಯೂ ಬಿಡುತ್ತಿರಲಿಲ್ಲ. ನಮ್ಮಪ್ಪ ಒಂದು ವರ್ಷ ಇದೇ ಘಾಟಿಯಿಂದ ಜೋಡಿ ಹೊಡೆದುಕೊಂಡು ಬಂದಾಗ ಊರಬಾಗಿಲಲ್ಲೇ ಅರ್ಧ ಊರು ಕಾದಿತ್ತು. ಅಮ್ಮ ಆರತಿ ಎತ್ತಿದಳು, ಕುಂಕುಮ ಇಟ್ಟಳು, ಕಾಲಿಗೆ ನೀರು ಹಾಕಿದಳು. ಮಾರನೆಯ ದಿನ ಎದುರು ಮನೆಯ ಯಜಮಾನ ಬಂದು, "ಒಂದು ಸಾಲು ಹೊಡ್ದು ನೋಡ್ಲಾ?" ಎಂದು ನೇಗಿಲು ಹೂಡಿಯೇಬಿಟ್ಟ. ಅಪ್ಪ ಬದುವಿನ ಮೇಲೆ ಕೂತು ನೋಡಿದ. ಅವನ ಮುಖದಲ್ಲಿ ಆ ದಿನ ಇದ್ದದ್ದನ್ನು ನಾನು ಬೇರೆ ಯಾವತ್ತೂ ಕಂಡಿಲ್ಲ. ತನ್ನ ಎತ್ತು ಇನ್ನೊಬ್ಬನ ಕೈಯಲ್ಲಿ ಚೆನ್ನಾಗಿ ನಡೆಯುವುದನ್ನು ನೋಡುವ ಸುಖ ಅದು. ಎಷ್ಟಕ್ಕೆ ತಂದ ಎಂಬುದು ಅವನು ಸಾಯುವವರೆಗೂ ನಮಗೆ ತಿಳಿಯಲಿಲ್ಲ. ಅಮ್ಮನಿಗೆ ಗೊತ್ತಿತ್ತೋ ಏನೋ.

ಸೈಕಲ್ಲಿನ ಕತೆಯೂ ಹಾಗೇ. ನಮ್ಮ ಮನೆಗೆ ಬಂದದ್ದು ಒಂದು ಹರ್ಕ್ಯುಲಿಸ್. ಕಪ್ಪು ಬಣ್ಣ, ನಡುವೆ ಅಡ್ಡ ಬಾರು, ಡೈನಮೊ, ಹಿಂದೆ ದಪ್ಪ ಕ್ಯಾರಿಯರ್ರು. ಹತ್ತಿರ ಹತ್ತಿರ ಇಪ್ಪತ್ತು ಕೆ.ಜಿ. ತೂಕವಿದ್ದೀತು. ತೂಗಿ ನೋಡಬೇಕೆಂದು ಆಗ ಯಾರಿಗೂ ಹೊಳೆದಿರಲಿಲ್ಲ. ಕಾಲು ಎಟುಕದ ನಾವು ಬಾರಿನ ಒಳಗಿಂದ ಕಾಲು ತೂರಿಸಿ ಅರ್ಧ ಪೆಡಲ್ ತುಳಿದು ಕಲಿತೆವು. ನಾವು ಅಂದರೆ ನಾನು, ನನ್ನ ತಮ್ಮ, ಅಕ್ಕಪಕ್ಕದ ಏಳೆಂಟು ಹುಡುಗರು, ಒಬ್ಬಳು ಹುಡುಗಿ. ಒಂದೇ ಸೈಕಲ್ಲಿನಲ್ಲಿ ಹತ್ತು ಮೊಣಕಾಲು ತರಚಿವೆ. ಪೇಟೆಗೆ ಹೋಗುವವರಿಗೆಲ್ಲ ಅದೇ ಸೈಕಲ್. ಆಗ ಊರುಗಳಲ್ಲಿ ಸೈಕಲ್ಲಿಗೆ ಮುನಿಸಿಪಾಲಿಟಿ ಬಿಲ್ಲೆ ಹಾಕಿಸಬೇಕಿತ್ತು, ರಾತ್ರಿ ದೀಪವಿಲ್ಲದೆ ಹೋದರೆ ಪೊಲೀಸರು ಚಕ್ರದ ಗಾಳಿ ಬಿಡುತ್ತಿದ್ದರು. ಸೈಕಲ್ ಎರವಲು ಕೊಟ್ಟು ಪೊಲೀಸರ ಬೈಗುಳವನ್ನೂ ಅಪ್ಪನೇ ತಿಂದದ್ದುಂಟು.

ಈಗ ನನ್ನ ತಪ್ಪೊಪ್ಪಿಗೆ. ನಾಲ್ಕು ವರ್ಷದ ಕೆಳಗೆ ನಾನೊಂದು ಹೆಡ್‌ಫೋನ್ ಕೊಂಡೆ. ಅದಕ್ಕೆ ಮೂರು ಬೆಲೆ. ಒಂದು ಬಿಲ್ಲಿನಲ್ಲಿದ್ದದ್ದು. ಎರಡನೆಯದು ಮನೆಯಲ್ಲಿ ಹೇಳಿದ್ದು, ಬಿಲ್ಲಿನ ಮೂರರಲ್ಲೊಂದು ಭಾಗ. ಮೂರನೆಯದು ನಿಮ್ಮ ಮುಂದೆ ಹೇಳಿದ್ದು. ಅದಕ್ಕೆ ಕೇಬಲ್ಲು, ಸ್ಟ್ಯಾಂಡು, ಇನ್ನೂ ಕೊಳ್ಳದ ಆಂಪ್ಲಿಫೈಯರು ಎಲ್ಲ ಸೇರಿತ್ತು. ನಿಮಗೂ ಈ ಮೂರು ಬೆಲೆಗಳಿವೆ ಎಂದು ನನಗೆ ಗೊತ್ತು, ಯಾಕೆಂದರೆ ನಿಮ್ಮ ಹೆಂಡತಿಯರು ನಮ್ಮ ಮನೆಯಲ್ಲಿ ಹೇಳಿದ ಅಂಕಿ ಬೇರೆಯೇ ಇದೆ. (ಒಬ್ಬರ ಮನೆಯಲ್ಲಿ ಆ ಕಾರ್ಬನ್ ಸೈಕಲ್ ಇನ್ನೂ "ಆಫೀಸಿನ ಬಹುಮಾನ". ನಾನು ಬಾಯಿ ಬಿಟ್ಟಿಲ್ಲ.) ಸುಳ್ಳು ಹೇಳಿದ್ದಕ್ಕೆ ನಾಚಿಕೆಯಿಲ್ಲ, ಹವ್ಯಾಸ ಅಂದಮೇಲೆ ಅಷ್ಟು ಇರುತ್ತದೆ. ನಾಚಿಕೆಯಾದದ್ದು ಬೇರೆ ಕಡೆ. ಆ ಹೆಡ್‌ಫೋನ್ ಬಗ್ಗೆ ಆರು ಭಾನುವಾರ ಮಾತಾಡಿದೆ. ಅದರಲ್ಲಿ ಪೂರ್ತಿ ಕೂತು ಕೇಳಿದ ಸಂಗೀತ ಎಷ್ಟು ಎಂದು ಮಗಳು ಕೇಳಿದಾಗ ಲೆಕ್ಕ ಕೊಡಲಾಗಲಿಲ್ಲ. ಅದು ಕಿವಿಯಲ್ಲಿದ್ದದ್ದಕ್ಕಿಂತ ಬಾಯಲ್ಲಿದ್ದ ಹೊತ್ತೇ ಹೆಚ್ಚು.

ಬೆಲೆಯ ಅಣ್ಣ ತೂಕ. ಸೈಕಲ್ಲಿನವರಿಗೆ ಈ ಮಾತು. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 2000ದಿಂದ ಈಚೆಗೆ 6.8 ಕೆ.ಜಿ.ಗಿಂತ ಹಗುರವಾದ ಸೈಕಲನ್ನು ರಸ್ತೆ ಸ್ಪರ್ಧೆಗೆ ಬಿಡುವುದಿಲ್ಲ. ಫ್ರಾನ್ಸಿನ ಪರ್ವತಗಳನ್ನು ಏರುವವರಿಗೆ ಸಾಕಾಗುವ ತೂಕ ನಂದಿ ಬೆಟ್ಟ ಏರುವ ನಮಗೆ ಯಾಕೆ ಸಾಲದು ಎಂಬುದು ನನಗೆ ಅರ್ಥವಾಗದ ವಿಷಯ. ಹೋದ ತಿಂಗಳು ನಮ್ಮಲ್ಲೊಬ್ಬರು ಚಕ್ರ, ಸೀಟು, ಹ್ಯಾಂಡಲ್ ಬದಲಿಸಿ ಒಂದು ಕೆ.ಜಿ. ಇಳಿಸಿದ ಸುದ್ದಿ ತಂದರು. ನಾನು ಮನೆಗೆ ಹೋಗಿ ಲೆಕ್ಕ ಹಾಕಿದೆ. ಸವಾರ, ಸೈಕಲ್, ನೀರು, ಚೀಲ ಎಲ್ಲ ಸೇರಿ 85 ಕೆ.ಜಿ. ಇರಲಿ. ಕಡಿದಾದ ಏರಿನಲ್ಲಿ ಕಾಲಿನ ಬಲವೆಲ್ಲ ಭಾರ ಎತ್ತುವುದಕ್ಕೇ ಹೋಗುತ್ತದೆ ಎಂದುಕೊಂಡರೂ ಒಂದು ಕೆ.ಜಿ. ಇಳಿದರೆ ಉಳಿಯುವುದು ಎಂಬತ್ತೈದರಲ್ಲಿ ಒಂದು ಪಾಲು. ನಂದಿಯ ಬುಡದಿಂದ ತುದಿಗೆ 40 ನಿಮಿಷ ತೆಗೆದುಕೊಳ್ಳುವ ನಮ್ಮಂಥವರಿಗೆ ಅದು ಅರ್ಧ ನಿಮಿಷವೂ ಅಲ್ಲ. ಬೆಟ್ಟದ ಬುಡದಲ್ಲಿ ನಿಂತು ಒಂದು ಬಾಟಲಿ ನೀರು ಹೊರಗೆ ಚೆಲ್ಲಿದರೆ ಅದರ ಮುಕ್ಕಾಲು ಪಾಲು ಪುಕ್ಕಟೆ ಸಿಗುತ್ತದೆ. ಆ ಅರ್ಧ ನಿಮಿಷವನ್ನು ತುದಿಯಲ್ಲಿ ಏನು ಮಾಡಿದಿರಿ ಎಂದು ಕೇಳಿದರೆ ಅವರು, "ಸೆಲ್ಫಿ ತಗೊಂಡೆ" ಅಂದರು. ಪ್ರಾಮಾಣಿಕ ಮನುಷ್ಯ.

ನಾವೂ ಹಲ್ಲು ಎಣಿಸುವವರೇ. ಮುಂದಿನ ಹಲ್ಲುಚಕ್ರಕ್ಕೆ 50 ಹಲ್ಲು, 34 ಹಲ್ಲು, ಹಿಂದೆ 11ರಿಂದ 32. ಹೊಸ ಗ್ರೂಪ್‌ಸೆಟ್ ಬಂದಾಗಲೆಲ್ಲ ಈ ಲೆಕ್ಕ ಬಾಯಿಪಾಠ ಒಪ್ಪಿಸುತ್ತೀರಿ. ಘಾಟಿಯ ರೈತ ಹಲ್ಲು ಎಣಿಸುವುದು ವಯಸ್ಸು ತಿಳಿಯುವುದಕ್ಕೆ. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಆಮೇಲೆ ಎಂಟೂ ಬಂದು ಬಾಯಿಗೂಡಿದ ಎತ್ತು. ಅದರ ಮೇಲೆ ಸವೆತ. ಸವೆತ ನೋಡಿ ಅದು ಎಷ್ಟು ಮೇದಿದೆ ಎಂದು ಹೇಳುತ್ತಾರೆ. ಸೈಕಲ್ಲಿನ ಹಲ್ಲೂ ಹಾಗೇ ಮಾತಾಡುತ್ತದೆ, ಕೇಳುವವರು ಬೇಕು. ಹೊಸ ಹಲ್ಲಿನ ಎರಡು ಬದಿಯೂ ಸಮ. ಸಾವಿರಾರು ಕಿಲೋಮೀಟರ್ ಎಳೆದ ಹಲ್ಲು ಒಂದೇ ಬದಿಗೆ ಬಾಗಿ ಮೀನಿನ ರೆಕ್ಕೆಯಂತಾಗುತ್ತದೆ. ಚೈನು ಹಿಗ್ಗಿತು ಅನ್ನುತ್ತೇವೆ. ಉಕ್ಕೇನೂ ಹಿಗ್ಗುವುದಿಲ್ಲ, ಕೀಲು ಕೀಲಿನಲ್ಲಿ ಸವೆಯುತ್ತದೆ. ಅರ್ಧರ್ಧ ಇಂಚಿನ ಇಪ್ಪತ್ನಾಲ್ಕು ಕೊಂಡಿ ಸರಿಯಾಗಿ ಹನ್ನೆರಡು ಇಂಚು ಇರಬೇಕು. ಅದರ ಮೇಲೆ ಇಂಚಿನ ಹದಿನಾರರಲ್ಲಿ ಒಂದು ಪಾಲು ಬೆಳೆದರೆ ಚೈನು ಬದಲಿಸುವ ಹೊತ್ತು ಬಂತು. ಇಲ್ಲದಿದ್ದರೆ ಅದು ಹಿಂದಿನ ಹಲ್ಲುಗಳನ್ನು ತಿನ್ನುತ್ತದೆ. ನಮ್ಮ ಟೇಬಲ್ಲಿಗೆ ಸವೆದ ಚೈನು ಯಾರಾದರೂ ತಂದದ್ದುಂಟೆ? "ನೋಡ್ರಪ್ಪ, ಇದು ಈ ವರ್ಷ ನಾನು ಸವೆಸಿದ್ದು" ಎಂದು? ವಿಜಯಪುರ, ಬಾಗಲಕೋಟೆ, ಜಮಖಂಡಿ ಕಡೆಯ ಹುಡುಗ ಹುಡುಗಿಯರು ಎಷ್ಟು ಚೈನು ಸವೆಸಿ ರಾಷ್ಟ್ರಮಟ್ಟದ ಪದಕ ತಂದಿರಬಹುದು, ಲೆಕ್ಕ ಇಟ್ಟವರಾರು! ನಮಗೆ ತಿಳಿದಿರುವುದು ಹೊಸ ಚೈನಿನ ಬಣ್ಣ. ಬಂಗಾರದ ಬಣ್ಣದ್ದೂ ಬರುತ್ತದಂತೆ, ಎಲ್ಲರಿಗೂ ಗೊತ್ತು.

ಇನ್ನು ಆಡಿಯೋ ಮಂದಿ. ನನ್ನವರೇ ಆದ್ದರಿಂದ ಸ್ವಲ್ಪ ಗಟ್ಟಿಯಾಗಿ ಬೈಯಬಹುದು. ನೀವು ಆರು ತಿಂಗಳಿಗೊಮ್ಮೆ "ಇದೇ ಕೊನೆ" ಅನ್ನುತ್ತೀರಿ. ಹೊಸ ಸ್ಪೀಕರ್ ಇನ್ನೂರು ಗಂಟೆ ನುಡಿದ ಮೇಲೆ ಹದಕ್ಕೆ ಬರುತ್ತದೆ ಅನ್ನುತ್ತೀರಿ. ಬರಬಹುದು, ಹೊಸ ಚಪ್ಪಲಿಯೂ ಬರುತ್ತದೆ. ಅದರಲ್ಲಿ ಚಪ್ಪಲಿಯ ಪಾಲೆಷ್ಟು, ಕಾಲಿನ ಪಾಲೆಷ್ಟು ಎಂಬುದು ಚಪ್ಪಲಿಗೂ ಗೊತ್ತಿರಲಾರದು. ಒಂದು ಕೇಬಲ್ಲಿಗೆ ಒಂದು ತಿಂಗಳ ಸಂಬಳ ಕೊಟ್ಟ ಗೆಳೆಯರ ಮನೆಗೆ ಹೋಗಿದ್ದೆ. ಹದಿನಾಲ್ಕನೇ ಮಹಡಿ, ಕನ್ನಡಿಯಂಥ ಟೈಲ್ಸ್ ನೆಲ, ಒಂದು ಗೋಡೆಯೆಲ್ಲ ಗಾಜು, ಪರದೆಯೂ ಇಲ್ಲ. ಚಪ್ಪಾಳೆ ತಟ್ಟಿದರೆ ಇನ್ನೊಬ್ಬ ತಟ್ಟಿದಂತೆ ಕೇಳುತ್ತಿತ್ತು. ಅಲ್ಲಿ ಸ್ಪೀಕರಿನಿಂದ ಹೊರಟ ದನಿ ನೆಲಕ್ಕೆ, ಗಾಜಿಗೆ, ಸೂರಿಗೆ ಬಡಿದು ತಡವಾಗಿ ಕಿವಿಗೆ ಬರುತ್ತದೆ. ತಬಲದ ಒಂದು ಪೆಟ್ಟು ಮೂರಾಗುತ್ತದೆ. ಉಪಾಯ ಹೇಳಿದೆ: ಉತ್ತರ ಕರ್ನಾಟಕದ ಒಂದು ದಪ್ಪ ಕೌದಿ ತಂದು ಗೋಡೆಗೆ ನೇತುಹಾಕಿ, ಇನ್ನೊಂದನ್ನು ನೆಲಕ್ಕೆ ಹಾಸಿ. ಹಳೆ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿ ಚುರುಕಾದ ದನಿಗಳನ್ನು ಹೀರುತ್ತದೆ. ಗುಡುಗುವ ಕೆಳದನಿಗೆ ಅದು ಸಾಲದು, ಅದು ಮೂಲೆಗಳಲ್ಲಿ ಹೋಗಿ ಕೂರುತ್ತದೆ, ಅದಕ್ಕೆ ದಪ್ಪ ಹಾಸಿಗೆಯ ಸುರುಳಿಯೇ ಬೇಕು. ಅವರು ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ದೇವಸ್ಥಾನಕ್ಕೆ ಚಪ್ಪಲಿ ಹಾಕಿಕೊಂಡು ಬಂದವನನ್ನು ನೋಡಿದ ಹಾಗೆ. ಕೌದಿಗೆ ಮಾಡೆಲ್ ನಂಬರ್ ಇಲ್ಲವಲ್ಲ.

ಹಾಸಿಗೆ ಸುರುಳಿಯ ವಿಚಾರ ನನಗೆ ಹೊಳೆದದ್ದು ಎಲ್ಲಿ ಎಂದು ಹೇಳಬೇಕು. ಈ ಪತ್ರ ಬರೆಯಲು ನಿಜವಾದ ಕಾರಣವೂ ಅದೇ.

ನಮ್ಮ ಜೊತೆ ಮೊದಲಿನಿಂದ ಬರುತ್ತಿದ್ದ ಒಬ್ಬ ಹಿರಿಯರು ಒಂದೂವರೆ ವರ್ಷದಿಂದ ಬರುತ್ತಿಲ್ಲ. ಬ್ಯಾಂಕಿನಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ನಿಮ್ಮ ಬ್ರೇಕು ಕಿರುಗುಟ್ಟಿದಾಗ ಚೀಲದಿಂದ ಮರಳುಕಾಗದ ತೆಗೆದು ಪ್ಯಾಡ್ ಉಜ್ಜಿ ಕೊಡುತ್ತಿದ್ದರಲ್ಲ, ಅವರೇ. ಮಂಡಿನೋವು ಅಂತ ನಾವೇ ತೀರ್ಮಾನಿಸಿಕೊಂಡಿದ್ದೆವು. ಯಾರೂ ಹೋಗಿ ಕೇಳಲಿಲ್ಲ. ನಾನೂ ಹೋದದ್ದು ಬೇರೆ ಕೆಲಸಕ್ಕೆ, ಆ ಬೀದಿಯಲ್ಲಿ ಹಾದುಹೋಗುವಾಗ. ಮಂಡಿ ಚೆನ್ನಾಗಿಯೇ ಇತ್ತು. "ಯಾಕೆ ಸಾರ್ ಬರ್ತಿಲ್ಲ?" ಅಂದೆ. ಸ್ವಲ್ಪ ಸುಮ್ಮನಿದ್ದು, "ಅಲ್ಲಿ ಬಂದು ನಾನೇನು ಹೇಳ್ಲಿ? ನಂದೇನೂ ಹೊಸದಿಲ್ಲ" ಅಂದರು. ದೂರುವ ದನಿಯಲ್ಲ. ಮಳೆ ಬಂದಿಲ್ಲ ಎಂದು ಹೇಳುವ ಹಾಗೆ.

ಒಳಗೆ ಕರೆದರು. ಹತ್ತು ಅಡಿಗೆ ಹನ್ನೆರಡರ ಕೋಣೆ. ಒಂದು ಮೂಲೆಯಲ್ಲಿ ಸುತ್ತಿಟ್ಟ ಹತ್ತಿ ಹಾಸಿಗೆ, ಇನ್ನೊಂದರಲ್ಲಿ ಅಕ್ಕಿ ಮೂಟೆ, ಗೋಡೆ ತುಂಬ ಪುಸ್ತಕ. ಕೋಲ್ಕತ್ತದ ಸೋನೋಡೈನ್ ಕಂಪನಿಯ ಹಳೆಯ ಆಂಪ್ಲಿಫೈಯರು, ಒಂದು ಟರ್ನ್‌ಟೇಬಲ್, ತಾವೇ ಮರದ ಪೆಟ್ಟಿಗೆ ಮಾಡಿಸಿದ ಎರಡು ಸ್ಪೀಕರು. ಸ್ಪೀಕರಿನ ಕಾಗದದ ಶಂಕುವಿನ ಅಂಚು ಹರಿದಾಗ ಎಸ್.ಪಿ. ರಸ್ತೆಯಲ್ಲಿ ಎರಡು ಸಲ ಕಟ್ಟಿಸಿದ್ದಾರಂತೆ. ಮಲ್ಲಿಕಾರ್ಜುನ ಮನ್ಸೂರರ ಒಂದು ಎಲ್.ಪಿ. ತೆಗೆದು, ಅಂಗಿಯ ತುದಿಯಿಂದಲ್ಲ, ಅದಕ್ಕೆಂದೇ ಇಟ್ಟ ಮೆತ್ತನೆ ಬಟ್ಟೆಯಿಂದ ಒರೆಸಿ ಇಟ್ಟರು. ಸೂಜಿ ಇಳಿಯಿತು. ಮೊದಲು ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಚಟಪಟ, ಆಮೇಲೆ ತಂಬೂರಿ.

ಎಲ್.ಪಿ.ಯ ಒಂದು ಮಗ್ಗುಲು ಇಪ್ಪತ್ತು ಚಿಲ್ಲರೆ ನಿಮಿಷ. ಅಷ್ಟೂ ಹೊತ್ತು ಅವರು ಮಾತಾಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಒಂದು ಜಾಗದಲ್ಲಿ ಮಾತ್ರ ಕೈ ಎತ್ತಿದರು, "ಈಗ ಬರತ್ತೆ" ಎಂಬಂತೆ. ಬಂತು. ಸ್ವರವೊಂದು ಇಳಿಯುತ್ತದೆ ಎಂದುಕೊಂಡರೆ ಮಗ್ಗುಲು ಹೊರಳಿ ಇನ್ನೊಂದರ ಮೇಲೆ ಕೂತಿತು. ಮೂವತ್ತು ವರ್ಷ ಕೇಳಿ ಆ ಜಾಗ ಅವರಿಗೆ ತಮ್ಮ ಮನೆಯ ಮೆಟ್ಟಿಲಿನ ಹಾಗೆ ಗೊತ್ತು. ಹೊಸದಿಲ್ಲ ಎಂದವರು ಇವರು. ಆ ಒಂದು ಸ್ವರದ ಸುದ್ದಿಯನ್ನು ನಮ್ಮ ಟೇಬಲ್ಲಿಗೆ ತಂದಿದ್ದರೆ ನಾವು ಏನು ಕೇಳುತ್ತಿದ್ದೆವು? "ಆಂಪ್ಲಿಫೈಯರ್ ಎಷ್ಟಕ್ಕೆ ಬಿತ್ತು ಸಾರ್?"

ಅವರ ಮನೆಯಿಂದ ಬರುವಾಗ ಗದಗಿನ ಆ ಹುಡುಗ ನೆನಪಾದ. ಭೀಮಸೇನ ಜೋಶಿಯವರ ಕತೆ ನಿಮಗೆ ಗೊತ್ತಿರುವುದೇ. ಅಬ್ದುಲ್ ಕರೀಂ ಖಾನರು ಝಿಂಝೋಟಿಯಲ್ಲಿ ಹಾಡಿದ ಠುಮ್ರಿಯ ತಟ್ಟೆ ಅಂಗಡಿಯಲ್ಲಿ ನುಡಿಯುತ್ತಿದ್ದದ್ದನ್ನು ಕೇಳಿದ ಹುಡುಗ 1933ರಲ್ಲಿ, ಹನ್ನೊಂದನೆಯ ವಯಸ್ಸಿಗೆ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟ. ಆ ಕಾಲದ ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಸುತ್ತಿದ್ದುದು ಮೂರು ನಿಮಿಷದ ಸಂಗೀತ, ನಮ್ಮ ಈಗಿನ ಕಿವಿಗೆ ಕೊಟ್ಟರೆ ರೇಡಿಯೋ ಕೆಟ್ಟಿದೆ ಅಂದೇವು. ಗ್ರಾಮಫೋನು ಹುಡುಗನದಲ್ಲ, ತಟ್ಟೆ ಹುಡುಗನದಲ್ಲ. ಆ ಅಂಗಡಿಯವನು ತನ್ನ ಗ್ರಾಮಫೋನನ್ನು ಬಟ್ಟೆ ಮುಚ್ಚಿ ಒಳಕೋಣೆಯಲ್ಲಿಟ್ಟು, ಬಂದವರಿಗೆ ಬಿಲ್ಲು ತೋರಿಸಿದ್ದರೆ?

ಇನ್ನೊಂದು ವಿಷಯ, ಇದು ಯಂತ್ರದ್ದು. ಸೋನಿ ಕಂಪನಿ 1979ರಲ್ಲಿ ಮೊದಲ ವಾಕ್‌ಮನ್ ಹೊರತಂದಾಗ ಅದಕ್ಕೆ ಎರಡು ಹೆಡ್‌ಫೋನ್ ತೂತು ಇಟ್ಟಿದ್ದರು. ಒಬ್ಬರೇ ಕಿವಿ ಮುಚ್ಚಿಕೊಂಡು ಕೂರುವುದು ಪಕ್ಕದವರಿಗೆ ಅಗೌರವವಾದೀತು ಎಂಬ ಅಳುಕು ಕಂಪನಿಯ ಮುಖ್ಯಸ್ಥ ಅಕಿಯೊ ಮೊರಿಟಾ ಅವರಿಗಿತ್ತು. ಇಬ್ಬರೂ ಕೇಳುತ್ತಲೇ ಮಾತಾಡಲಿ ಎಂದು ಒಂದು ಗುಂಡಿಯೂ ಇತ್ತು, ಒತ್ತಿದರೆ ಹಾಡಿನ ದನಿ ತಗ್ಗುತ್ತಿತ್ತು. ಮುಂದಿನ ಮಾಡೆಲ್‌ಗಳಲ್ಲಿ ಎರಡನೆಯ ತೂತು ಮುಚ್ಚಿಹೋಯಿತು. ಜನಕ್ಕೆ ಅದು ಬೇಕಾಗಿರಲಿಲ್ಲ. ನನಗಂತೂ ಅದು ಬೇಕು ಅನ್ನಿಸುತ್ತದೆ, ಯಂತ್ರದಲ್ಲಿ ಅಲ್ಲದಿದ್ದರೂ ನಮ್ಮ ಟೇಬಲ್ಲಿನಲ್ಲಿ.

ಪೆನ್ನಿನವರ ಬಗ್ಗೆ ಹೆಚ್ಚು ಹೇಳಲಾರೆ, ಅವರನ್ನು ಹೊಗಳಿದರೆ ಉಬ್ಬುತ್ತಾರೆ. ಇಂಕು ಪೆನ್ನನ್ನು ಬೇರೆಯವರಿಗೆ ಕೊಟ್ಟರೆ ನಿಬ್ಬು ಕೆಡುತ್ತದೆ ಎಂದು ನಮಗೆಲ್ಲ ಮೇಷ್ಟ್ರು ಹೆದರಿಸಿದ್ದರು. ಕೊಡದಿರಲು ನ್ಯಾಯವಾದ ಕಾರಣ ಇರುವುದು ಪೆನ್ನಿನವರೊಬ್ಬರಿಗೇ. ಆದರೂ ನಮ್ಮ ಗುಂಪಿನಲ್ಲಿ ವಸ್ತುವನ್ನೇ ತಂದು, ಮುಚ್ಚಳ ತೆಗೆದು, ಕಾಗದದ ಜೊತೆ ಕೈಗೆ ಕೊಡುವವರು ಅವರು ಮಾತ್ರ. ಹೋಟೆಲಿನ ಬಿಲ್ಲಿನ ಹಿಂದೆ ಎಲ್ಲರೂ ತಮ್ಮ ತಮ್ಮ ಸಹಿ ಗೀಚಿ ನೋಡುತ್ತಾರೆ, ಒಬ್ಬರಂತೂ ಶ್ರೀಕಾರ ಹಾಕದೆ ಶುರು ಮಾಡುವುದಿಲ್ಲ. ಕ್ಯಾಮೆರಾದವರು ಕುತ್ತಿಗೆಗೆ ತೂಗುಹಾಕಿಕೊಂಡಾದರೂ ಬರುತ್ತಾರೆ. ಆ ಪಟ್ಟಿ ಯಾವತ್ತೂ ಅವರ ಕುತ್ತಿಗೆ ಬಿಟ್ಟಿಲ್ಲ, ಇರಲಿ.

ನಿಮ್ಮ ಉತ್ತರ ನನಗೆ ಗೊತ್ತು. ಬೆಲೆ ಹೇಳುವುದರಲ್ಲಿ ಉಪಕಾರವಿದೆ ಅನ್ನುತ್ತೀರಿ. ಇದೆ, ಒಪ್ಪಿದೆ. ಕಳೆದ ವರ್ಷ ನಮ್ಮ ಸಾಫ್ಟ್‌ವೇರ್ ಹುಡುಗ ಮೊದಲ ರೋಡ್ ಬೈಕ್ ಕೊಳ್ಳುವಾಗ ಒಂದು ಅಂಗಡಿಯವನು ಹಿಂದಿನ ವರ್ಷದ ಮಾಡೆಲ್ಲಿಗೆ ಆ ವರ್ಷದ ಬೆಲೆ ಹೇಳಿದ್ದ. ನೀವು ಬಾಯಿಬಿಟ್ಟು ಬೆಲೆ ಹೇಳಿದ್ದರಿಂದ ಅವನ ಎರಡು ಕಂತಿನ ಹಣ ಉಳಿಯಿತು. ದುಬಾರಿ ವಸ್ತುಗಳ ಪ್ರಪಂಚದಲ್ಲಿ ಮೊದಲ ಸಲ ಕಾಲಿಡುವವನಿಗೆ ಇನ್ನೊಬ್ಬ ಕೊಟ್ಟ ಬೆಲೆಯೇ ಊರುಗೋಲು. ಆದ್ದರಿಂದ ಬೆಲೆ ಮುಚ್ಚಿಡಿ ಎಂದು ನಾನು ಹೇಳುತ್ತಿಲ್ಲ. ಘಾಟಿಯಲ್ಲೂ ಬೆಲೆ ಮುಚ್ಚಿಡುವುದಿಲ್ಲ, ಕೊಳ್ಳುವ ಮನಸ್ಸಿದ್ದವನ ಬೆರಳಿಗೆ ಅದು ಸ್ಪಷ್ಟವಾಗಿ ತಿಳಿಯುತ್ತದೆ. ಕೊಳ್ಳದವನ ಕಿವಿಗೆ ಬೀಳುವುದಿಲ್ಲ, ಅಷ್ಟೇ. ಹೀಗಾಗಿಯೇ ಒಂಟಿ ಎತ್ತಿನ ಬಡವನೂ ಅಲ್ಲಿ ನಿಂತು ಲಕ್ಷದ ಜೋಡಿಗೆ "ಎಡದ್ದು ಮೈಗಳ್ಳ" ಎಂದು ತೀರ್ಪು ಕೊಡಬಲ್ಲ. ಅಂಕಿ ಮೊದಲೇ ಕಿವಿಗೆ ಬಿದ್ದಿದ್ದರೆ ಅವನ ಬಾಯಿ ಕಟ್ಟುತ್ತಿತ್ತು. ನಮ್ಮ ಹಿರಿಯರ ಬಾಯಿ ಕಟ್ಟಿದ್ದೂ ಹಾಗೇ.

ವಸ್ತು ಕೆಟ್ಟುಹೋದೀತು ಎಂಬ ಭಯವೂ ಇದೆ. ನನಗೂ ಇದೆ. ಹೆಡ್‌ಫೋನಿಗೆ ಬೇರೆಯವರ ತಲೆಯ ಎಣ್ಣೆ ಹತ್ತುತ್ತದೆ. ಕಾರ್ಬನ್ ಚೌಕಟ್ಟು ಒಂದು ಬಿದ್ದೇಟಿಗೆ ಒಳಗೇ ಸೀಳಿದರೆ ಹೊರಗೆ ಕಾಣುವುದೂ ಇಲ್ಲ. ಕೊಡುವವನು ಕೈ ಹಿಂದೆಗೆಯುವುದು ಸಹಜ. ಹಾಗೆಂದು ಕಾರ್ಬನ್ ಸೈಕಲನ್ನು ಗೋಡೆಗೆ ಕೊಕ್ಕೆ ಹೊಡೆದು ನೇತುಹಾಕಿದವರು ನಮ್ಮಲ್ಲಿ ಇಬ್ಬರಿದ್ದಾರೆ. ಅವರ ಮನೆಯಲ್ಲಿ ಅದನ್ನು ಹಾಲಿನಲ್ಲಿ ಕೂತು ನೋಡಬಹುದು. ಅಪ್ಪನ ಹರ್ಕ್ಯುಲಿಸ್ ಹತ್ತು ಹುಡುಗರನ್ನು ಬೀಳಿಸಿ ಎಬ್ಬಿಸಿತು, ಅದರ ಮಡ್‌ಗಾರ್ಡ್ ಸೊಟ್ಟಗಾಯಿತು, ಬೆಲ್ಲಿನ ಮುಚ್ಚಳ ಕಳೆಯಿತು. ನಾನು ಕೊಂಡ ಯಾವ ವಸ್ತುವನ್ನೂ ಯಾರೂ ಅಷ್ಟು ಬಳಸಿಲ್ಲ.

ಆದ್ದರಿಂದ ಮುಂದಿನ ತಿಂಗಳ ಮೊದಲ ಭಾನುವಾರಕ್ಕೆ ನನ್ನದೊಂದು ಬಿನ್ನಹ. ಫೋಟೊ ಬೇಡ, ವಸ್ತು ತನ್ನಿ. ಪೆಟ್ಟಿಗೆ ಮನೆಯಲ್ಲಿರಲಿ. ಸೈಕಲ್ಲಿನವರು ಸೀಟು ತಗ್ಗಿಸುವ ಕೀಲಿ ಮರೆಯಬೇಡಿ, ನಮ್ಮ ಗುಂಪಿನಲ್ಲಿ ಐದಡಿ ಒಂದಂಗುಲದವರೂ ಇದ್ದಾರೆ. ಸವೆದ ಚೈನು ಇದ್ದವರು ಅದನ್ನೇ ತನ್ನಿ, ಹನ್ನೆರಡಂಗುಲದ ಅಳತೆಪಟ್ಟಿ ನನ್ನ ಬಳಿ ಇದೆ. ಆಡಿಯೋ ಮಂದಿ ಒಂದು ಹೆಡ್‌ಫೋನಿನ ಜೊತೆ ಒಂದು ಹಾಡನ್ನೂ ಆರಿಸಿಕೊಂಡು ಬರಬೇಕು, ಆ ಹಾಡಿನಲ್ಲಿ ಕೈ ಎತ್ತುವ ಜಾಗ ಯಾವುದು ಎಂದು ಹೇಳಬೇಕು. ಅದು ಗೊತ್ತಿಲ್ಲದಿದ್ದರೆ ಆ ಹೆಡ್‌ಫೋನನ್ನು ಗೊತ್ತಿದ್ದವರಿಗೆ ಒಂದು ತಿಂಗಳು ಎರವಲು ಕೊಡತಕ್ಕದ್ದು. ಈ ನಿಯಮದಲ್ಲಿ ಮೊದಲು ಸಿಕ್ಕಿಬೀಳುವವನು ನಾನೇ. ನನ್ನದನ್ನು ಹಿರಿಯರ ಮನೆಯಲ್ಲಿ ಆಗಲೇ ಕೊಟ್ಟು ಬಂದಿದ್ದೇನೆ. "ಚೆನ್ನಾಗಿದೆ, ಆದ್ರೆ ಕಿವಿ ಬೆವರತ್ತೆ" ಅಂದರು. ನಾಲ್ಕು ವರ್ಷದಲ್ಲಿ ಅದರ ಬಗ್ಗೆ ನಾನು ಕೇಳಿದ ಅತ್ಯಂತ ನಿಜವಾದ ಮಾತು ಅದು.

ಅವರು ಆ ಭಾನುವಾರ ಬರುತ್ತಾರೆ. ಆಂಪ್ಲಿಫೈಯರ್ ಹೊತ್ತು ತರಲಾರರು, ಮರಳುಕಾಗದವನ್ನಂತೂ ತರುತ್ತಾರೆ.

ಬೆಲೆ ತಿಳಿಯಲೇಬೇಕು ಅನ್ನುವವರು ಕೈ ಮುಂದೆ ಚಾಚಿದರೆ ಸಾಕು. ಒಂದು ಬೆರಳಿಗೆ ಹತ್ತು ಸಾವಿರ ಎಂದು ಇಟ್ಟುಕೊಳ್ಳೋಣ. ನಮ್ಮ ಕಾರ್ಬನ್ ಗೆಳೆಯರಿಗೆ ಎರಡು ಕೈಯೂ ಸಾಲಲಿಕ್ಕಿಲ್ಲ, ಕಾಲಿನದು ಆಮೇಲೆ ನೋಡೋಣ.

ಟವಲ್ ನಾನು ತರುತ್ತೇನೆ.

ಇಂತಿ,
ಹಿಂದಿನ ಸಾಲಿನಲ್ಲಿ ತುಳಿಯುವ
ನಿಮ್ಮವನೇ ಒಬ್ಬ